ಒಂದೇ ಹೆಸರು, ಹತ್ತು ಸ್ಪೆಲ್ಲಿಂಗ್: ಕಳ್ಳ ಹಣ ಹುಡುಕುವವರ ತಲೆನೋವು

ಅಲರ್ಟ್_ಅಕ್ಕ
ಎಲ್ಲರಿಗೂ ನಮಸ್ಕಾರ. ಬೇರೊಂದು ಚರ್ಚೆಯಲ್ಲಿ ಯಾರೋ ಕೇಳಿದ್ದರು: "ಬ್ಯಾಂಕುಗಳಲ್ಲಿ ಇಷ್ಟೆಲ್ಲ ಕಂಪ್ಯೂಟರ್ ಇದ್ದರೂ ನಿಷೇಧಿತರ ದುಡ್ಡು ಹೇಗೆ ದಾಟಿ ಹೋಗುತ್ತದೆ?" ಉತ್ತರ ಬರೆಯಲು ಕೂತರೆ ಉದ್ದವಾಯಿತು. ಅದಕ್ಕೆ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ.

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಆಫೀಸಿನಲ್ಲಿ, ವಿದೇಶಿ ಬ್ಯಾಂಕೊಂದರ ಸ್ಕ್ರೀನಿಂಗ್ ತಂಡದಲ್ಲಿ ನಾನಿದ್ದೇನೆ. ದುಡ್ಡು ಕಳಿಸುವವರ, ಪಡೆಯುವವರ ಹೆಸರುಗಳನ್ನು ನಿರ್ಬಂಧ ಪಟ್ಟಿಗಳ ಜೊತೆ ಹೋಲಿಸಿ ನೋಡುವುದು ಕೆಲಸ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಪಟ್ಟಿ, ಅಮೆರಿಕದ ಖಜಾನೆ ಇಲಾಖೆಯ ಒಫ್ಯಾಕ್ ಪಟ್ಟಿ, ಯುರೋಪಿನದು, ಬ್ರಿಟನ್ನಿನದು. ಹೆಸರು ಹತ್ತಿರ ಹತ್ತಿರ ಹೊಂದಿದರೆ ಸಿಸ್ಟಮ್ ಅಲರ್ಟ್ ಎಬ್ಬಿಸುತ್ತದೆ. ಅದೇ ಮನುಷ್ಯನಾ, ಅಲ್ವಾ ಎಂದು ನಾವು ನೋಡಬೇಕು. ಭಾರತದ ಬ್ಯಾಂಕುಗಳಿಗೂ ಇದು ತಪ್ಪಿದ್ದಲ್ಲ. ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯ ಸೆಕ್ಷನ್ 51ಎ, ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ, ಎರಡರಲ್ಲೂ ಇದು ಇದೆ.

ಕಷ್ಟ ಇರುವುದು ಆ "ಹತ್ತಿರ ಹತ್ತಿರ" ಅನ್ನುವುದರಲ್ಲಿ. ಪಟ್ಟಿಯಲ್ಲಿರುವ ಎಷ್ಟೋ ಜನರ ಹೆಸರು ಮೂಲತಃ ಅರಬಿ, ಪರ್ಷಿಯನ್, ರಷ್ಯನ್, ಚೀನೀ, ಕೊರಿಯನ್ ಲಿಪಿಯದು. ಇಂಗ್ಲಿಷ್ ಅಕ್ಷರಕ್ಕೆ ತಂದವರು ಒಬ್ಬೊಬ್ಬರು ಒಂದೊಂದು ಥರ ತಂದಿದ್ದಾರೆ.

ಲಿಬಿಯಾವನ್ನು ಆಳಿದ ಗಡಾಫಿಯನ್ನೇ ನೋಡಿ. ಅಮೆರಿಕದ ಎಬಿಸಿ ನ್ಯೂಸ್ 2009ರಲ್ಲಿ ಆತನ ಹೆಸರಿನ 112 ಸ್ಪೆಲ್ಲಿಂಗ್ ಪಟ್ಟಿ ಮಾಡಿತ್ತು. ಅಷ್ಟೊಂದು ಹೇಗೆ? ಹೆಸರಿನ ಮೊದಲ ಅಕ್ಷರ ಅರಬಿಯ "ಕಾಫ್", ಗಂಟಲಿನ ಆಳದಿಂದ ಬರುವ ಕ. ಲಿಬಿಯಾದ ಆಡುಮಾತಿನಲ್ಲಿ ಅದು ಗ ಆಗುತ್ತದೆ. ಹಾಗಾಗಿ ಒಬ್ಬರು ಕ್ಯು ಬರೆದರು, ಒಬ್ಬರು ಕೆ, ಇನ್ನೊಬ್ಬರು ಜಿ. ಮುಂದಿನದು "ಧಾಲ್", ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳುವ ಸದ್ದು, ಅದೂ ಒತ್ತಿ ಹೇಳಬೇಕು. ಅದಕ್ಕೆ ಒಂದು ಡಿ, ಎರಡು ಡಿ, ಡಿ-ಎಚ್, ಟಿ-ಎಚ್. ಹಿಂದೆ "ಅಲ್" ಇದ್ದರೂ ಆಯಿತು, "ಎಲ್" ಇದ್ದರೂ ಆಯಿತು, ಬಿಟ್ಟರೂ ಆಯಿತು. ಇವನ್ನೆಲ್ಲ ಒಂದಕ್ಕೊಂದು ಗುಣಿಸಿ ನೋಡಿ, ನೂರು ದಾಟಲು ಎಷ್ಟು ಹೊತ್ತು? ಜೊತೆಗೆ ಅರಬಿಯಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಮುಹಮ್ಮದ್ ಅನ್ನುವುದು ಅಲ್ಲಿ ನಾಲ್ಕೇ ಅಕ್ಷರ: ಮೀಮ್, ಹಾ, ಮೀಮ್, ದಾಲ್. ನಡುವೆ ಉ ಬರುತ್ತದೋ ಒ ಬರುತ್ತದೋ ಬರೆಯುವವರ ಇಷ್ಟ.

ಚೀನೀ ಹೆಸರು ಇನ್ನೊಂದು ಬಗೆ. ಬರೆಯುವ ಅಕ್ಷರ ಒಂದೇ. ಬೀಜಿಂಗಿನಲ್ಲಿ ಅದು ಚೆನ್, ಹಾಂಗ್‌ಕಾಂಗಿನಲ್ಲಿ ಚಾನ್, ಸಿಂಗಪುರ ಮಲೇಷ್ಯಾದಲ್ಲಿ ತಾನ್. 1ಎಂಡಿಬಿ ಎಂಬ ಸರ್ಕಾರಿ ಹೂಡಿಕೆ ನಿಧಿಯ ಹಗರಣದಲ್ಲಿ ಮಲೇಷ್ಯಾ ಹುಡುಕುತ್ತಿರುವ ಲೋ ತೇಕ್ ಜೋ ಗೊತ್ತಲ್ವಾ? ಅದೇ ಮೂರು ಅಕ್ಷರವನ್ನು ಮ್ಯಾಂಡರಿನ್‌ನಲ್ಲಿ ಓದಿದರೆ ಲಿಯು ತೆಝುವೊ. ಇಂಗ್ಲಿಷ್ ಅಕ್ಷರ ಮಾತ್ರ ನೋಡುವ ಯಂತ್ರಕ್ಕೆ ಇವರಿಬ್ಬರಿಗೂ ಸಂಬಂಧವೇ ಇಲ್ಲ.

ನನ್ನ ವಾದ ಇಷ್ಟು. ಎಲ್ಲರೂ ಹೋಲಿಸುವ ಯಂತ್ರವನ್ನು ಚುರುಕು ಮಾಡಲು ದುಡ್ಡು ಸುರಿಯುತ್ತಿದ್ದಾರೆ. ಆದರೆ ಹೆಸರು ಕೆಡುವುದು ಅದಕ್ಕೂ ಮುಂಚೆ, ಫಾರಂ ತುಂಬುವಾಗ. ಮೂಲ ಲಿಪಿಯ ಹೆಸರನ್ನು ಅಲ್ಲೇ ಬಿಸಾಕಿ, ಇಂಗ್ಲಿಷ್ ಒಂದನ್ನೇ ಉಳಿಸಿಕೊಳ್ಳುತ್ತೇವೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಮೂಲ ಲಿಪಿಯ ಹೆಸರಿಗೂ ಜಾಗ ಇದೆ. ನಮ್ಮ ಕಡೆ ಹೋಲಿಸಲು ಮೂಲವೇ ಇರುವುದಿಲ್ಲ. ಎರಡನ್ನೂ ಇಟ್ಟುಕೊಂಡರೆ ಅರ್ಧ ತಲೆನೋವು ಹೋಗುತ್ತದೆ ಅನ್ನುತ್ತೇನೆ. ನೀವೇನಂತೀರಿ?

ಕೋಡು_ಕಾಫಿ
ಒಳ್ಳೆ ವಿಷಯ ಮೇಡಂ. ನಾನು ಇಂಥ ಹೋಲಿಕೆಯ ಸಾಫ್ಟ್‌ವೇರ್ ಬರೆಯುವ ಕಡೆಯವನು, ಯಂತ್ರದ ಪರವಾಗಿಯೂ ಸ್ವಲ್ಪ ಹೇಳುತ್ತೇನೆ.

ಇದರಲ್ಲಿ ತುಂಬ ಹಳೆಯದು ಸೌಂಡೆಕ್ಸ್. ಅಮೆರಿಕದಲ್ಲಿ 1918ರಲ್ಲೇ ಪೇಟೆಂಟ್ ಆಗಿದ್ದು, ಕಂಪ್ಯೂಟರ್ ಹುಟ್ಟುವ ಮೊದಲು. ಮೊದಲ ಅಕ್ಷರ ಹಾಗೇ ಇಡುತ್ತದೆ, ಸ್ವರಗಳನ್ನು ಬಿಡುತ್ತದೆ, ಉಳಿದ ವ್ಯಂಜನಗಳಿಗೆ 1ರಿಂದ 6ರ ಒಳಗೆ ಅಂಕಿ ಕೊಡುತ್ತದೆ. ಲಕ್ಷ್ಮಿಯನ್ನು ಕೆ-ಎಸ್-ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಎಲ್250 ಎಂದೇ ಬರುತ್ತದೆ. ಭಲೇ ಅನ್ನಿಸುತ್ತದೆ. ಆದರೆ ರಮೇಶ, ರಾಮಕ್ಕ, ರಂಗಯ್ಯ ಮೂವರಿಗೂ ಅದು ಕೊಡುವುದು ಒಂದೇ, ಆರ್520! ಇನ್ನು ಗಡಾಫಿ? ಮೊದಲ ಅಕ್ಷರ ಬೇರೆ ಆದ್ದರಿಂದ ಜಿ310, ಕೆ310, ಕ್ಯು310 ಎಂದು ಮೂರು ಜನ ಆಗುತ್ತಾರೆ. ಒಂದಾಗಬೇಕಾದವರು ಬೇರೆ, ಬೇರೆ ಇರಬೇಕಾದವರು ಒಂದು.

ಎರಡನೆಯದು ಲೆವೆನ್‌ಸ್ಟೈನ್ ದೂರ, 1965ರದ್ದು. ಒಂದು ಹೆಸರನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಬದಲಿಸಬೇಕು ಎಂಬ ಲೆಕ್ಕ. ರವಿಯನ್ನು ರಾಣಿ ಮಾಡಲು ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಸಾಕು. ಲಕ್ಷ್ಮಿಯ ಒಂದು ಸ್ಪೆಲ್ಲಿಂಗನ್ನು ಇನ್ನೊಂದು ಮಾಡಲು ಮೂರು ಬೇಕು. ಅಂದರೆ ಈ ಲೆಕ್ಕದಲ್ಲಿ ರವಿಗೆ ರಾಣಿ ಹತ್ತಿರ, ಲಕ್ಷ್ಮಿಗೆ ಲಕ್ಷ್ಮಿಯೇ ದೂರ.

ಮೂರನೆಯದು ಜಾರೋ-ವಿಂಕ್ಲರ್. ಹೆಸರಿನ ಆರಂಭ ಹೊಂದಿದರೆ ಜಾಸ್ತಿ ಅಂಕ ಕೊಡುತ್ತದೆ. ಒಫ್ಯಾಕ್‌ನವರ ಸ್ವಂತ ಹುಡುಕು ಪುಟದಲ್ಲೇ ಜಾರೋ-ವಿಂಕ್ಲರ್ ಮತ್ತು ಸೌಂಡೆಕ್ಸ್ ಎರಡೂ ಇವೆ. ನಮ್ಮ ಕಡೆ ಹೆಸರಿನ ಆರಂಭದಲ್ಲಿ ಇರುವುದು ಊರಿನ ಇನಿಷಿಯಲ್ ಮತ್ತು ಅಪ್ಪನ ಇನಿಷಿಯಲ್. ಹೆಸರಿನ ಪದಗಳನ್ನು ಬಿಡಿಸಿ ಬಿಡಿಸಿ ಹೋಲಿಸದಿದ್ದರೆ ಅಂಕ ಎಲ್ಲೆಲ್ಲೋ ಹೋಗುತ್ತದೆ.

ಇವೆಲ್ಲ ಇಂಗ್ಲಿಷ್ ಹೆಸರುಗಳಿಗೆ ಹೊಲಿದ ಅಂಗಿ. ನಮಗೆ ಹಾಕಿದರೆ ತೋಳು ಸಾಲುವುದಿಲ್ಲ. ಆದರೂ ಯಂತ್ರ ಬೇಡ ಅನ್ನಬೇಡಿ. ದಿನಕ್ಕೆ ಬರುವ ಪಾವತಿಗಳ ರಾಶಿಯನ್ನು ಮನುಷ್ಯರು ಕೈಯಲ್ಲಿ ನೋಡಲು ಆಗುತ್ತದಾ?

ಅಲರ್ಟ್_ಅಕ್ಕ
ಯಂತ್ರ ಬೇಡ ಅಂತ ನಾನೆಲ್ಲಿ ಹೇಳಿದೆ? 😀 ಆದರೆ ಅದು ಎಷ್ಟು ಸಣ್ಣದಕ್ಕೆ ಎಡವುತ್ತದೆ ನೋಡಿ.

2015ರ ಫೆಬ್ರವರಿಯಲ್ಲಿ ಒಫ್ಯಾಕ್ ಸ್ಲೊವೇನಿಯಾದ ಎಸ್‌ಐಎಸ್ ಎಂಬ ಸಾಫ್ಟ್‌ವೇರ್ ಕಂಪನಿಯನ್ನು ಪಟ್ಟಿಗೆ ಹಾಕಿತು. ಹೆಸರಿನ ಕೊನೆಗೆ ಅಲ್ಲಿನವರ ಪದ್ಧತಿಯಂತೆ "ಡಿ.ಒ.ಒ." ಇತ್ತು, ನಮ್ಮ "ಲಿಮಿಟೆಡ್" ಇದ್ದಂತೆ. ಪಟ್ಟಿಯಲ್ಲಿ ಅದು ಸಣ್ಣಕ್ಷರದಲ್ಲಿ, ಚುಕ್ಕೆಗಳ ಸಮೇತ. ಆಪಲ್‌ನ ಆಪ್ ಸ್ಟೋರ್ ದಾಖಲೆಯಲ್ಲಿ ದೊಡ್ಡಕ್ಷರದಲ್ಲಿ, ಚುಕ್ಕೆ ಇಲ್ಲದೆ. ಆಪಲ್‌ನ ತಪಾಸಣೆಗೆ ಎರಡೂ ಒಂದೇ ಎಂದು ಹೊಳೆಯಲಿಲ್ಲ. ಆ ಕಂಪನಿಗೆ ಸಂಬಂಧಿಸಿದ ಆಪ್‌ಗಳ ವ್ಯವಹಾರ ಮುಂದುವರಿಯಿತು. 2019ರ ನವೆಂಬರಿನಲ್ಲಿ ಆಪಲ್ 4,66,912 ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡಿತು. ಇಲ್ಲಿ ಲಿಪಿ ಬದಲಾಗಿಯೇ ಇಲ್ಲ, ಗಮನಿಸಿ.

ಅಮೆಜಾನ್‌ನದು 2020ರ ಜುಲೈ. ಉಕ್ರೇನಿನಿಂದ ರಷ್ಯಾ ವಶಪಡಿಸಿಕೊಂಡ ಕ್ರಿಮಿಯಾಕ್ಕೆ ಸರಕು ಹೋಗಬಾರದು ಎಂಬ ನಿರ್ಬಂಧ ಇತ್ತು. ವಿಳಾಸದಲ್ಲಿ ಯಾಲ್ಟಾ ಊರಿನ ಮುಂದೆ ಕ್ರಿಮಿಯಾವನ್ನು ಸಿ ಬದಲು ಕೆ ಹಾಕಿ ಬರೆದಿದ್ದರು. ರಷ್ಯನ್‌ನಿಂದ ನೇರ ತಂದರೆ ಕೆ ಬರುವುದೇ ಸರಿ! ಸಿಸ್ಟಮ್ ಸುಮ್ಮನೆ ಬಿಟ್ಟಿತು. ಇದೂ ಸೇರಿ ಹಲವು ತಪ್ಪುಗಳಿಗೆ 1,34,523 ಡಾಲರ್. ಅಷ್ಟು ದೊಡ್ಡ ಕಂಪನಿಗಳಿಗೆ ಈ ಮೊತ್ತ ಕಡಲೆಕಾಯಿ, ಅದು ಬೇರೆ ಮಾತು.

ಬ್ಯಾಂಕಿನದಲ್ಲದ ಒಂದು ಪ್ರಕರಣ: 2009ರ ಕ್ರಿಸ್‌ಮಸ್ ದಿನ ಡೆಟ್ರಾಯ್ಟ್‌ಗೆ ಹೋಗುವ ವಿಮಾನದಲ್ಲಿ ಬಾಂಬ್ ಸಿಡಿಸಲು ಹೋದ ನೈಜೀರಿಯಾದ ಉಮರ್ ಫಾರೂಕ್ ಅಬ್ದುಲ್ಮುತಲ್ಲಬ್. ಆತನ ಅಪ್ಪನೇ ಮೊದಲೇ ಅಮೆರಿಕದ ರಾಯಭಾರ ಕಚೇರಿಗೆ ಎಚ್ಚರಿಸಿದ್ದ. ಆದರೆ ದಾಖಲೆಯಲ್ಲಿ ಹೆಸರು ತಪ್ಪಾಗಿ ಟೈಪ್ ಆಗಿತ್ತು. ಆತನ ಬಳಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದೆ ಎಂಬುದು ಹುಡುಕಾಟದಲ್ಲಿ ಬರಲೇ ಇಲ್ಲ.

ದಮ್ಮಾಮ್_ಬ್ಯಾರಿ
ಅಕ್ಕ, ನೀವು ತಪ್ಪಿಸಿಕೊಂಡವರ ಕಥೆ ಹೇಳಿದಿರಿ. ಸುಮ್ಮಸುಮ್ಮನೆ ಸಿಕ್ಕಿಬೀಳುವವರ ಕಥೆ ನಾನು ಹೇಳುತ್ತೇನೆ. ಊರು ಉಳ್ಳಾಲ ಕಡೆ, ಕೆಲಸ ದಮ್ಮಾಮ್‌ನಲ್ಲಿ.

ನನ್ನ ನಿಜ ಹೆಸರು ಬೇಡ. ಅಬ್ದುಲ್ ರಹಿಮಾನ್ ಎಂದಿಟ್ಟುಕೊಳ್ಳಿ. ಮದರಸದಲ್ಲಿ ಅರಬಿಯಲ್ಲಿ ಸರಿಯಾಗಿಯೇ ಬರೆದಿದ್ದರು. ಶಾಲೆಯಲ್ಲಿ ಮೇಷ್ಟ್ರು ಕನ್ನಡದಲ್ಲಿ "ರಹಿಮಾನ್" ಮಾಡಿದರು. ಪಾಸ್‌ಪೋರ್ಟಿನವರು ಅದನ್ನು ಇಂಗ್ಲಿಷ್ ಮಾಡಿದರು. ಸೌದಿಗೆ ಬಂದಾಗ ಇಕಾಮಾ ಕಾರ್ಡಿಗೆ (ಅಲ್ಲಿ ವಾಸಿಸಲು ಕೊಡುವ ಪರವಾನಗಿ) ಆ ಇಂಗ್ಲಿಷನ್ನು ನೋಡಿ ಮತ್ತೆ ಅರಬಿ ಮಾಡಿದರು. ಹಣ ಕಳಿಸುವ ಅಂಗಡಿಯವರು ಆ ಅರಬಿ ನೋಡಿ ಮತ್ತೆ ಇಂಗ್ಲಿಷ್ ಮಾಡಿದರು, "ಅಬ್ದುಲ್‌ರಹ್ಮಾನ್" ಎಂದು ಒಂದೇ ಪದ. ಊರಿನ ಬ್ಯಾಂಕಿನಲ್ಲಿ ಎರಡು ಪದ. ಒಂದು ಸಲ ಹಣ ನಡುವೆಯೇ ನಿಂತಿತು, ಸಾಲದ ಕಂತಿನ ದಿನ ದಾಟಿತು. ಯಾಕೆ ನಿಂತಿದೆ ಎಂದು ಕೇಳಿದರೆ "ಕಂಪ್ಲಯನ್ಸ್ ನೋಡುತ್ತಿದೆ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಪಾಸ್‌ಪೋರ್ಟ್ ಪ್ರತಿ ಕಳಿಸಿದ ಮೇಲೆ ಬಿಟ್ಟರು.

ನಮ್ಮ ಕರಾವಳಿಯ ಮೊಯ್ದೀನ್‌ಗಳನ್ನು ಕೇಳಿ ನೋಡಿ. ಅರಬಿಯ ಮುಹ್ಯಿದ್ದೀನ್ ನಮ್ಮ ಬಾಯಲ್ಲಿ ಮೊಯ್ದೀನ್ ಆಗಿದೆ. ಹಾಗಾಗಿ ಇಂಗ್ಲಿಷಿನಲ್ಲಿ ಮೊಯ್ದೀನ್, ಮೊಯ್ದಿನ್, ಮೊಹಿದ್ದೀನ್, ಮುಹಿಯುದ್ದೀನ್. ಅಣ್ಣ ತಮ್ಮಂದಿರ ಪಾಸ್‌ಪೋರ್ಟಿನಲ್ಲೇ ಅಪ್ಪನ ಹೆಸರು ಬೇರೆ ಬೇರೆ. ಮುಹಮ್ಮದ್‌ಗೆ ಎಂಒಎಚ್‌ಡಿ ಎಂಬ ತುಂಡು ಬೇರೆ ಇದೆ, ಎಂಡಿ ಎಂಬ ಚೂರೂ ಇದೆ.

ಇನ್ನೊಂದು ಮಾತು. ಪಟ್ಟಿಯಲ್ಲಿ ನಮ್ಮಂಥ ಹೆಸರುಗಳೇ ಜಾಸ್ತಿ ಇದ್ದರೆ ಅಲರ್ಟ್ ಯಾರ ಮೇಲೆ ಬೀಳುತ್ತದೆ ಹೇಳಿ. ಪಕ್ಕದ ಮನೆಯ ಡಿಸೋಜಾಗೆ ಅಪಾಸ್ಟ್ರಫಿ ಚಿಹ್ನೆ ಒಂದೇ ತೊಂದರೆ. ಕೆಲವು ವೆಬ್‌ಸೈಟುಗಳು ಅದನ್ನು ತೆಗೆದುಕೊಳ್ಳುವುದಿಲ್ಲ ಅಷ್ಟೇ. ಅವರ ದುಡ್ಡು ನಿಲ್ಲುವುದಿಲ್ಲ.

ಅಲರ್ಟ್_ಅಕ್ಕ
ದಮ್ಮಾಮ್ ಅಣ್ಣ, ಒಪ್ಪುತ್ತೇನೆ. ನಾವು ನೋಡುವ ಅಲರ್ಟ್‌ಗಳಲ್ಲಿ ಬಹುಪಾಲು ಸುಳ್ಳು ಅಲರ್ಟೇ. ಹೊಂದಾಣಿಕೆಯ ಮಟ್ಟವನ್ನು ಸ್ವಲ್ಪ ಕೆಳಗಿಳಿಸಿದರೆ ಅವು ರಾಶಿ ಬೀಳುತ್ತವೆ. ಮೇಲೇರಿಸಿದರೆ ನಿಜವಾದವನು ಜಾರಬಹುದು. ತಪ್ಪಿಸಿಕೊಂಡರೆ ಬ್ಯಾಂಕಿಗೆ ದಂಡ, ನಿಮ್ಮ ಹಣ ತಡವಾದರೆ ಬ್ಯಾಂಕಿಗೆ ಏನೂ ಇಲ್ಲ. ಮಟ್ಟವನ್ನು ಯಾವ ಕಡೆ ಇಡುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆ ನಾಲ್ಕು ಸಲ ಲಿಪಿ ಬದಲಾದ ಕಥೆ ಇದೆಯಲ್ಲ, ನಾನು ಹೇಳುತ್ತಿರುವುದು ಅದನ್ನೇ. ಮದರಸದ ಅರಬಿ ಹೆಸರು ಒಂದು ಸಲ ದಾಖಲಾಗಿದ್ದರೆ ಸೌದಿಯಲ್ಲಿ ಯಾರೂ ಊಹಿಸಬೇಕಿರಲಿಲ್ಲ.

ನಿವೃತ್ತ_ಮ್ಯಾನೇಜರ್
ಅಮ್ಮಾ, ಒಳ್ಳೆಯ ಚರ್ಚೆ. ಸರ್ಕಾರಿ ಬ್ಯಾಂಕಿನಲ್ಲಿ ಜೀವನ ಕಳೆದವನು, ಹಳ್ಳಿ ಶಾಖೆಗಳೇ ಜಾಸ್ತಿ. ಕೌಂಟರಿನ ಈಚೆ ಏನಾಗುತ್ತಿತ್ತು ಹೇಳುತ್ತೇನೆ.

ಆಗ ಕೆವೈಸಿ ಎಲ್ಲಿತ್ತು? ಬ್ಯಾಂಕಿನಲ್ಲಿ ಖಾತೆ ಇದ್ದ ಪರಿಚಯಸ್ಥರೊಬ್ಬರು ಸಹಿ ಹಾಕಿದರೆ ಖಾತೆ ಆಯಿತು. ಒಬ್ಬನೇ ಆಸಾಮಿ "ಕೆ. ಎಸ್. ಮಂಜುನಾಥ", "ಮಂಜುನಾಥ ಕೆ. ಎಸ್.", "ಮಂಜುನಾಥಯ್ಯ" ಎಂದು ಮೂರು ಕಡೆ ಠೇವಣಿ ಇಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಡ್ಡಿಯ ಮೇಲಿನ ತೆರಿಗೆ ತಪ್ಪಿಸಲು ಇದು ಹಳೆಯ ದಾರಿ. ಲಿಪಿ ಗಿಪಿ ಏನೂ ಬೇಡ, ಇನಿಷಿಯಲ್ಲೇ ಸಾಕು.

ಪ್ಯಾನ್ ಬಂದ ಮೇಲೆ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು. ಕಡೂರು, ಸಿದ್ಧಲಿಂಗಪ್ಪ ಎಲ್ಲ ಹೊರಗೆ ಬಂದರು. ಊರಿನ ಹೆಸರು ಸರ್‌ನೇಮ್ ಆಯಿತು, ಕೆಲವರಿಗೆ ಅಪ್ಪನ ಹೆಸರು ಸರ್‌ನೇಮ್ ಆಯಿತು, ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಸರ್‌ನೇಮ್. ಎರಡು ಪ್ಯಾನ್ ಮಾಡಿಸಿದವರೂ ಇದ್ದರು. ಕೆಲವರು ಗೊತ್ತಿಲ್ಲದೆ, ಕೆಲವರು ಚೆನ್ನಾಗಿ ಗೊತ್ತಿದ್ದೇ. ಎರಡು ಪ್ಯಾನ್ ಇಟ್ಟುಕೊಂಡರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 272ಬಿ ಪ್ರಕಾರ 10,000 ರೂಪಾಯಿ ದಂಡ ಹಾಕಬಹುದಿತ್ತು. ಆಧಾರ್ ಜೋಡಿಸಿದ ಮೇಲೆ ಆ ಆಟ ಬಹಳ ಕಡಿಮೆಯಾಯಿತು.

ಒಂದೇ ಹೆಸರಿನವರ ಪಾಡು ಇನ್ನೂ ಮಜಾ. ಸರ್‌ನೇಮ್ ಇಲ್ಲದೆ ಅಮೆರಿಕದ ವೀಸಾ ಆದರೆ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಅಲ್ಲಿನ ಬ್ಯಾಂಕಿಗೆ ನಮ್ಮ ಎಷ್ಟು ಹುಡುಗರು ಮಿಸ್ಟರ್ ಎಫ್‌ಎನ್‌ಯು ಆಗಿದ್ದಾರೋ! ಯುಎಇ 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು.

ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನೆಫ್ಟ್‌ನಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಹೆಸರು ಏನು ಬರೆದರೂ ಹೋಗುತ್ತಿತ್ತು. ವಂಚಕರಿಗೆ ಇದು ವರವಾಗಿತ್ತು. ಆರ್‌ಟಿಜಿಎಸ್, ನೆಫ್ಟ್ ಎರಡರಲ್ಲೂ ಹಣ ಕಳಿಸುವ ಮೊದಲು ಪಡೆಯುವವರ ಹೆಸರು ತೋರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 1ರ ಗಡುವು ಕೊಟ್ಟಿತು. ಆದರೆ ತೋರಿಸಿದ ಹೆಸರು ನಾವು ತಿಳಿದ ಹೆಸರೇ ಹೌದಾ ಎಂದು ನೋಡುವುದು ನಮ್ಮದೇ ಕಣ್ಣು.

ಫೇಡೆ_ಪ್ರೇಮಿ
ನಮಸ್ಕಾರ್ರೀ ಎಲ್ಲರಿಗೂ. ಧಾರವಾಡದ ಕಡೆಯಿಂದ ಒಂದು ತಕರಾರು.

ನಮ್ಮ ಕಡೆ ಗೌಡ ಅನ್ನುವುದಕ್ಕೆ ಓ-ಯು, ಮೈಸೂರು ಕಡೆ ಓ-ಡಬ್ಲ್ಯು. ಬಸವರಾಜನನ್ನು ವಿ ಹಾಕಿ ಬರೆಯುವವರು, ಡಬ್ಲ್ಯು ಹಾಕುವವರು, ನಡುವಿನ ಎ ನುಂಗುವವರು. ಜ್ಞಾನೇಶನಂತೂ ಕೇಳಲೇಬೇಡಿ. ಇಲ್ಲಿ ಜೆ-ಎನ್ ಅಥವಾ ಜಿ-ಎನ್, ಹಿಂದಿಯವರಿಗೆ ಜಿ-ವೈ, ಬೆಳಗಾವಿ ದಾಟಿದರೆ ಮರಾಠಿಯವರಿಗೆ ಡಿ-ಎನ್-ವೈ. ಆ ಸೌಂಡೆಕ್ಸ್ ಮಹಾರಾಯ ಮೊದಲ ಅಕ್ಷರದಲ್ಲೇ ಸೋತ.

ಹಾಗಿದ್ದ ಮೇಲೆ ಹೆಸರಿನ ಹಿಂದೆ ಯಾಕ್ರೀ ಬೀಳಬೇಕು? ಹುಟ್ಟಿದ ದಿನ ನೋಡ್ರಿ, ಪಾಸ್‌ಪೋರ್ಟ್ ನಂಬರ್ ನೋಡ್ರಿ, ಪ್ಯಾನ್ ನೋಡ್ರಿ. ಹೆಸರು ಬಿಟ್ಟುಬಿಡ್ರಿ. ಮೂಲ ಲಿಪಿ ಇಟ್ಟುಕೊಂಡು ಏನು ಮಾಡುವುದು? ದಮ್ಮಾಮ್‌ನ ಗುಮಾಸ್ತ ಕನ್ನಡ ಓದುತ್ತಾನೇನು?

ಅಲರ್ಟ್_ಅಕ್ಕ
ಗುಮಾಸ್ತ ಓದಬೇಕಿಲ್ಲ ಸರ್, ಯಂತ್ರ ಓದಿದರೆ ಸಾಕು. ಅದಕ್ಕೆ ಕನ್ನಡವೂ ಒಂದೇ ಇಂಗ್ಲಿಷೂ ಒಂದೇ.

ಹುಟ್ಟಿದ ದಿನದ ಬಗ್ಗೆ ನೀವು ಹೇಳಿದ್ದು ಅರ್ಧ ಸರಿ. ಹೆಸರೊಂದನ್ನೇ ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ ಕೇಸೇ ಇದೆ. ಟ್ರಾನ್ಸ್‌ಯೂನಿಯನ್ ವಿರುದ್ಧ ರಾಮಿರೆಜ್, 2021ರ ತೀರ್ಪು. ಟ್ರಾನ್ಸ್‌ಯೂನಿಯನ್ ಅನ್ನುವುದು ಕ್ರೆಡಿಟ್ ವರದಿ ಕೊಡುವ ಕಂಪನಿ. ರಾಮಿರೆಜ್ 2011ರಲ್ಲಿ ಕಾರು ಕೊಳ್ಳಲು ಹೋಗಿದ್ದ. ಕ್ರೆಡಿಟ್ ವರದಿ ತೆಗೆದರೆ ಆತನ ಹೆಸರು ಒಫ್ಯಾಕ್ ಪಟ್ಟಿಗೆ ಹೊಂದಬಹುದು ಎಂದು ಬಂತು. ಶೋರೂಮಿನವರು ಆತನ ಹೆಸರಿಗೆ ಮಾರಲಿಲ್ಲ, ಕೊನೆಗೆ ಹೆಂಡತಿ ಹೆಸರಿನಲ್ಲಿ ಕೊಂಡ. ಟ್ರಾನ್ಸ್‌ಯೂನಿಯನ್ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೇ ಹೋಲಿಸಿತ್ತು, ಹುಟ್ಟಿದ ದಿನ ನೋಡಿರಲಿಲ್ಲ. ಹೀಗೆ ಗುರುತು ಬಿದ್ದವರು ಆ ದಾವೆಯಲ್ಲಿ 8,185 ಜನ. ಅದರಲ್ಲಿ ವರದಿ ಬೇರೆಯವರ ಕೈಗೆ ಹೋಗಿದ್ದ 1,853 ಜನರಿಗಷ್ಟೇ ಅದಕ್ಕೆ ಪರಿಹಾರ ಕೇಳುವ ಹಕ್ಕಿದೆ ಎಂದಿತು ಕೋರ್ಟ್.

ಉಳಿದ ಅರ್ಧ ಏನೆಂದರೆ, ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಪಾವತಿ ಸಂದೇಶದಲ್ಲಿ ಹುಟ್ಟಿದ ದಿನ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಜಾಲವಾದ ಸ್ವಿಫ್ಟ್‌ನ ಹಳೆಯ ಸಂದೇಶದಲ್ಲಿ ಹೆಸರು, ವಿಳಾಸ ಎಲ್ಲ ಸೇರಿ 35 ಅಕ್ಷರದ ನಾಲ್ಕು ಸಾಲು, ಅದೂ ಇಂಗ್ಲಿಷ್ ಅಕ್ಷರ ಮಾತ್ರ. ಈಗಿನ ಐಎಸ್‌ಒ 20022 ಸಂದೇಶದಲ್ಲಿ ಹೆಸರಿಗೆ ಬೇರೆಯದೇ ಜಾಗ, 140 ಅಕ್ಷರದವರೆಗೆ. ಅದು ದೊಡ್ಡ ಸುಧಾರಣೆ. ಇನ್ನು ಪಟ್ಟಿಯ ಕಡೆ ನೋಡಿದರೆ ಎಷ್ಟೋ ಜನರಿಗೆ ಹುಟ್ಟಿದ ವರ್ಷ ಮಾತ್ರ, ಅದಕ್ಕೂ "ಸುಮಾರು" ಸೇರಿಸಿರುತ್ತಾರೆ. ನಮ್ಮಲ್ಲೇ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಹುಟ್ಟುಹಬ್ಬದವರು ಎಷ್ಟು ಜನ ಇಲ್ಲ!

ಪಹಣಿ_ಪುರಾಣ
ಜಮೀನು ವ್ಯಾಜ್ಯ ನೋಡುವ ವಕೀಲ ನಾನು. ನೀವೆಲ್ಲ ದುಬೈ, ಅಮೆರಿಕ ಅನ್ನುತ್ತಿದ್ದೀರಿ. ಕರ್ನಾಟಕದಲ್ಲಿ ಕಪ್ಪು ಹಣ ಕೂತಿರುವ ಜಾಗಕ್ಕೆ, ಅಂದರೆ ಭೂಮಿಗೆ, ಯಾರೂ ಬರಲಿಲ್ಲ.

ಬೇನಾಮಿ ಕಾಯ್ದೆ 1988ರದ್ದು. 2016ರ ತಿದ್ದುಪಡಿಯ ನಂತರ ಹಲ್ಲು ಬಂದಿತು. ಯಾರ ಹೆಸರಿನಲ್ಲಿ ಎಷ್ಟು ಆಸ್ತಿ ಇದೆ ಎಂದು ನೋಡಬೇಕಾದರೆ ಪಹಣಿಯ ಹೆಸರನ್ನು ಪ್ಯಾನ್ ಹೆಸರಿನ ಜೊತೆ ಇಟ್ಟು ನೋಡಬೇಕು. ಭೂಮಿ ತಂತ್ರಾಂಶದಲ್ಲಿ ಪಹಣಿ ಕನ್ನಡದಲ್ಲಿದೆ, ಪ್ಯಾನ್ ಇಂಗ್ಲಿಷಿನಲ್ಲಿದೆ. ಪಹಣಿಯಲ್ಲಿ "ತಿಮ್ಮಪ್ಪ ಬಿನ್ ರಂಗಪ್ಪ". ಪ್ಯಾನ್‌ನಲ್ಲಿ ಟಿ-ಎಚ್ ಹಾಕಿದ ತಿಮ್ಮಪ್ಪ, ಬ್ಯಾಂಕಿನಲ್ಲಿ ಬರೀ ಟಿ ಹಾಕಿದ ತಿಮ್ಮಪ್ಪ, ಚುನಾವಣಾ ಕಾರ್ಡಿನಲ್ಲಿ ತಿಮ್ಮಯ್ಯ. ಊರಲ್ಲಿ ಕರೆಯುವುದು ತಿಮ್ಮಣ್ಣ. ಎಲ್ಲರೂ ಒಬ್ಬರೇನಾ? ಇರಬಹುದು, ಇರದಿರಬಹುದು. ಒಂದೇ ಹಳ್ಳಿಯಲ್ಲಿ ರಂಗಪ್ಪನ ಮಗ ತಿಮ್ಮಪ್ಪ ಇಬ್ಬರು ಇರುವುದನ್ನೂ ನೋಡಿದ್ದೇನೆ.

ಆ "ಬಿನ್" ಗಮನಿಸಿದಿರಾ? ಹಳೆ ಮೈಸೂರಿನ ಕಂದಾಯ ದಾಖಲೆಯಲ್ಲಿ ಮಗ ಎಂಬುದಕ್ಕೆ ಬಿನ್, ಹೆಂಡತಿಗೆ ಕೋಂ. ಬಿನ್ ಅರಬಿಯಿಂದಲೇ ಬಂದದ್ದು. ಕನ್ನಡ ದಾಖಲೆಯನ್ನು ಇಂಗ್ಲಿಷಿಗೆ ತರುವವನು ತಿಳಿಯದವನಾದರೆ ಬಿನ್ ಹೆಸರಿನ ಭಾಗವಾಗಿಬಿಡುತ್ತದೆ, ನಮ್ಮ ತಿಮ್ಮಪ್ಪ ಅರಬ್ ಶೇಖ್ ಆಗುತ್ತಾನೆ. ಕೋಂ ಇದ್ದರೆ ಕಂಪನಿ ಅಂದುಕೊಂಡರೂ ಆಶ್ಚರ್ಯವಿಲ್ಲ.

ಬೇನಾಮಿ ಮಾಡುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅವರು ಸುಳ್ಳು ಹೆಸರು ಕೊಡಲು ಹೋಗುವುದಿಲ್ಲ. ನಿಜ ಹೆಸರನ್ನೇ ಇನ್ನೊಂದು ರೂಪದಲ್ಲಿ ಕೊಡುತ್ತಾರೆ. ಸಿಕ್ಕಿಬಿದ್ದರೆ "ಟೈಪ್ ಮಾಡಿದವರ ತಪ್ಪು ಸ್ವಾಮಿ" ಎಂದರಾಯಿತು. ಸುಳ್ಳು ಎಂದು ಸಾಬೀತು ಮಾಡುವುದು ಕಷ್ಟ.

ಕೋಡು_ಕಾಫಿ
ವಕೀಲರೇ, ಕೊನೆಯ ಮಾತು ಬಹಳ ಮುಖ್ಯ. ನಾವು ಬರೆಯುವ ಯಂತ್ರ ಹೆಸರು ಎಷ್ಟು ಹತ್ತಿರ ಎಂದು ಹೇಳುತ್ತದೆ. ಬೇಕೆಂದೇ ದೂರ ಮಾಡಿದ್ದಾ, ಗುಮಾಸ್ತನ ಕೈತಪ್ಪಾ ಎಂದು ಹೇಳುವುದಿಲ್ಲ.

ಆದರೆ ಅಕ್ಕನ ಪರಿಹಾರಕ್ಕೆ ನನ್ನದೊಂದು ಅಡ್ಡಿ ಇದೆ. ಮೂಲ ಲಿಪಿ ಇಟ್ಟುಕೊಳ್ಳಿ ಅಂತೀರಿ. ಯಾವುದು ಮೂಲ? ಆಧಾರ್ ಕಾರ್ಡ್ ತೆಗೆದು ನೋಡಿ. ಕನ್ನಡದಲ್ಲೂ ಹೆಸರು ಇರುತ್ತದೆ. ಎಷ್ಟೋ ಸಲ ಅದು ನೀವು ಬರೆದ ಕನ್ನಡ ಅಲ್ಲ. ಆಪರೇಟರ್ ಇಂಗ್ಲಿಷಿನಲ್ಲಿ ಟೈಪ್ ಮಾಡಿದಾಗ ಸಾಫ್ಟ್‌ವೇರ್ ತಾನೇ ಮಾಡಿಕೊಟ್ಟ ಕನ್ನಡ. ನೋಡಿ ತಿದ್ದಿದರೆ ಸರಿ, ಇಲ್ಲದಿದ್ದರೆ ಮಾಲಾ ಇದ್ದವರು ಮಳ ಆಗುತ್ತಾರೆ. ಇಂಗ್ಲಿಷಿನಲ್ಲಿ ಟ-ತ ಒಂದೇ, ಡ-ದ ಒಂದೇ, ಣ-ನ ಒಂದೇ, ಳ-ಲ ಒಂದೇ, ದೀರ್ಘ ಇಲ್ಲ. ಅದನ್ನು ಹಿಂದಕ್ಕೆ ತಿರುಗಿಸಿದರೆ ಊಹೆ ಮಾತ್ರ. ಆ ಊಹೆಯನ್ನೇ ನಾಳೆ ನೀವು "ಮೂಲ" ಎಂದು ನಂಬಿ ಹೋಲಿಸುತ್ತೀರಿ.

ಸರಿಯಾದ ಲಿಪ್ಯಂತರ ಪದ್ಧತಿ ಇಲ್ಲವೇ ಅಂದರೆ ಇದೆ. ಭಾರತೀಯ ಲಿಪಿಗಳಿಗೆ ಐಎಸ್‌ಒ 15919 ಎಂಬ ಮಾನದಂಡ 2001ರಿಂದ ಇದೆ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಹಾಕಿ ಒಂದೂ ಬಿಡದೆ ಬರೆಯಬಹುದು. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವಲ್ಲ, ಅಲ್ಲಿ ಹೆಸರಿಗೆ ಸಿಗುವುದು 39 ಜಾಗ, ಗೆರೆ ಚುಕ್ಕೆ ಇಲ್ಲದ 26 ಅಕ್ಷರ. ಮಾನದಂಡ ಪುಸ್ತಕದಲ್ಲೇ ಉಳಿಯಿತು.

ಅಲರ್ಟ್_ಅಕ್ಕ
ಆಧಾರ್ ವಿಷಯ ಒಪ್ಪಿದೆ. ಹಾಗಾದರೆ ಲಿಪಿ ಜೊತೆಗೆ ಅದು ಎಲ್ಲಿಂದ ಬಂತು ಎಂಬುದನ್ನೂ ಬರೆದಿಡಬೇಕು. ಇವರು ಕೈಯಾರೆ ಬರೆದದ್ದು, ಇದು ಶಾಲೆಯ ಟಿಸಿಯಿಂದ, ಇದು ಯಂತ್ರ ಮಾಡಿದ್ದು, ಹೀಗೆ. ಒಂದು ಸಣ್ಣ ಕಾಲಂ ಸಾಕು. ಯಂತ್ರದ ಊಹೆಗೆ ಕಡಿಮೆ ತೂಕ, ಕೈಬರಹಕ್ಕೆ ಜಾಸ್ತಿ. ಒಫ್ಯಾಕ್ ಪಟ್ಟಿಯಲ್ಲೇ ಅಡ್ಡಹೆಸರುಗಳಿಗೆ ಗಟ್ಟಿ, ದುರ್ಬಲ ಎಂಬ ಗುರುತಿದೆ. ವಿಶ್ವಸಂಸ್ಥೆಯವರೂ ಹಾಗೇ ವಿಂಗಡಿಸುತ್ತಾರೆ. ದಾವೂದ್ ಇಬ್ರಾಹಿಂನನ್ನು 2003ರಲ್ಲಿ ಪಟ್ಟಿಗೆ ಸೇರಿಸಿದರು. ಅವನ ನಮೂದು ತೆಗೆದು ನೋಡಿ, ಅಡ್ಡಹೆಸರುಗಳ ಸಾಲೇ ಇದೆ. ಕಳ್ಳರ ಹೆಸರಿಗೆ ಕೊಡುವ ಈ ಗಮನವನ್ನು ಗ್ರಾಹಕರ ಹೆಸರಿಗೂ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

ದಮ್ಮಾಮ್_ಬ್ಯಾರಿ
ಹಾಗೆ ಮಾಡಿದರೆ ನನ್ನ ದುಡ್ಡು ನಿಲ್ಲುವುದಿಲ್ಲವಾ?

ಅಲರ್ಟ್_ಅಕ್ಕ
ನಿಲ್ಲುವುದು ಕಡಿಮೆ ಆಗುತ್ತದೆ ಅಣ್ಣ. ಅಲ್ಲಿಯವರೆಗೆ ನೀವು ಮಾಡಬಹುದಾದದ್ದು: ಕಳಿಸುವ ಕಡೆ, ಪಡೆಯುವ ಕಡೆ ಎರಡರಲ್ಲೂ ಪಾಸ್‌ಪೋರ್ಟಿನ ಸ್ಪೆಲ್ಲಿಂಗೇ ಕೊಡಿ, ಜಾಗ ಬಿಟ್ಟಿರುವುದೂ ಹಾಗೇ ಇರಲಿ. ಹಣ ಕಳಿಸುವ ಅಂಗಡಿಯವರು ಇಕಾಮಾ ನೋಡಿ ತಾವೇ ಬರೆದರೆ ತಿದ್ದಿಸಿ. ಒಮ್ಮೆ ತಪಾಸಣೆ ಆಗಿ ಬಿಟ್ಟರೆ ಎಷ್ಟೋ ಬ್ಯಾಂಕುಗಳು "ಇವರು ಅವರಲ್ಲ" ಎಂದು ಗುರುತಿಟ್ಟುಕೊಳ್ಳುತ್ತವೆ. ಸ್ಪೆಲ್ಲಿಂಗ್ ಬದಲಾದರೆ ಆ ಗುರುತು ಕೆಲಸಕ್ಕೆ ಬರುವುದಿಲ್ಲ, ಮತ್ತೆ ಮೊದಲಿಂದ.

ಪಹಣಿ_ಪುರಾಣ
ಕೋಡು_ಕಾಫಿ, ನಿಮಗೊಂದು ಪ್ರಶ್ನೆ. ಕನ್ನಡಕ್ಕೆ ಕನ್ನಡವನ್ನೇ ಹೋಲಿಸಿದರೆ ಈ ಗೋಳು ಇರುವುದಿಲ್ಲ ಅಲ್ವಾ? ಒಂದು ತಾಲ್ಲೂಕಿನ ದಾಖಲೆಯನ್ನು ಇನ್ನೊಂದರ ಜೊತೆ?

ಕೋಡು_ಕಾಫಿ
ಇರುತ್ತದೆ ಸರ್ 😀. ಹಳೆಯ ದಾಖಲೆ ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಪದ್ಧತಿ) ಬರುವ ಮೊದಲಿನ ಫಾಂಟುಗಳಲ್ಲಿ ಇದ್ದರೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವೊತ್ತು ಎಲ್ಲ ಆಚೀಚೆ ಆಗುತ್ತವೆ. ಯುನಿಕೋಡ್ ಆದ ಮೇಲೂ ಅಕ್ಷರಗಳನ್ನು ಜೋಡಿಸುವ, ಬೇರ್ಪಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ನಡುವೆ ಕೂತಿರುತ್ತವೆ. ಅದಕ್ಕಿಂತ ಮಜಾ ಇದು. ಕೆಳಗೆ ಎರಡು ಹೆಸರು ಬರೆಯುತ್ತೇನೆ:

ಗಂಗಮ್ಮ
ಗ೦ಗಮ್ಮ

ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ, ಅಂಕಿ. ಕೀಲಿಮಣೆಯಲ್ಲಿ ಸುಲಭ ಎಂದು ಎಷ್ಟೋ ಜನ ಹೀಗೇ ಟೈಪ್ ಮಾಡುತ್ತಾರೆ. ಯಂತ್ರಕ್ಕೆ ಇವರು ಇಬ್ಬರು ಹೆಂಗಸರು.

ಫೇಡೆ_ಪ್ರೇಮಿ
ಪುಟದಲ್ಲಿ ಹುಡುಕು ಹಾಕಿ ಗಂಗಮ್ಮ ಎಂದು ಹೊಡೆದು ನೋಡಿದೆನ್ರೀ. ಮೇಲಿನದಕ್ಕೆ ಹಳದಿ ಬಣ್ಣ ಬಂತು, ಕೆಳಗಿನದು ಹಾಗೇ ಕೂತಿದೆ. ಇದನ್ನು ಬೇಕೆಂದೇ ಮಾಡಿ ಎರಡು ಖಾತೆ ತೆರೆದರೆ?

ಕೋಡು_ಕಾಫಿ
ಬರೀ ಅಕ್ಷರ ನೋಡುವ ಸಿಸ್ಟಮ್ ಆದರೆ ದಾಟಿಬಿಡುತ್ತದೆ. ಹೋಲಿಸುವ ಮೊದಲು ಎರಡು ಕನ್ನಡ ಅಕ್ಷರಗಳ ನಡುವೆ ಸಿಕ್ಕ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಬೇಕು, ಕಾಣದ ಚಿಹ್ನೆಗಳನ್ನು ತೆಗೆಯಬೇಕು. ನಾಲ್ಕು ಸಾಲಿನ ಕೋಡ್. ರಷ್ಯನ್ ಅಕ್ಷರ ಹಾಕಿ ಇಂಗ್ಲಿಷ್ ಹೆಸರಿನಂತೆ ಕಾಣಿಸುವ ಮೋಸಕ್ಕೂ ಇದೇ ಥರದ ಮದ್ದು. ವಕೀಲರೇ, ನಿಮ್ಮ ಹತ್ತಿರ ಟೈಪ್ ಮಾಡಿದ ಹಳೆಯ ಕ್ರಯಪತ್ರಗಳ ಫೈಲ್ ಇದ್ದರೆ ಹೆಸರು ತೆಗೆದು ಬರೀ ಸೊನ್ನೆಗಳನ್ನು ಎಣಿಸಿ ಹೇಳಿ, ಕೋಡ್ ನಾನು ಇಲ್ಲೇ ಹಾಕುತ್ತೇನೆ.

ಪಹಣಿ_ಪುರಾಣ
ಗುಮಾಸ್ತನಿಗೆ ಹೇಳಿದ್ದೇನೆ. ಸೋಮವಾರ ಹಾಕುತ್ತೇನೆ.